ಬೆಳಿಗ್ಗೆ ನಿಂತು ಮಧ್ಯಾಹ್ನ ಓಡುತ್ತಿದ್ದ ಗಡಿಯಾರ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಅತ್ತೆ ಮನೆಯ ಜಗಲಿಯಲ್ಲಿ ಒಂದು ಹಳೇ ಗೋಡೆ ಗಡಿಯಾರ ಇತ್ತು. ಡಿಸೆಂಬರ್ ಬಂತೆಂದರೆ ಅದು ಬೆಳಗಿನ ಜಾವ ನಿಂತುಬಿಡುತ್ತಿತ್ತು. ಬಿಸಿಲೇರಿದ ಮೇಲೆ ಪೆಂಡ್ಯುಲಂ ತಳ್ಳಿದರೆ ಸಂಜೆವರೆಗೂ ಸರಿಯಾಗಿ ಓಡುತ್ತಿತ್ತು. ಮಾವ ತೀರಿಕೊಂಡ ಮೇಲೆ ಅದಕ್ಕೆ ಕೀ ಕೊಡುವವರೂ ಇರಲಿಲ್ಲ. "ಗುಜರಿಯವನು ಮುನ್ನೂರು ಕೊಡ್ತೀನಿ ಅಂದಿದಾನೆ. ಅದಕ್ಕೂ ಮೊದಲು ನೀನೊಂದ್ಸಲ ನೋಡೋ ಮಾರಾಯ" ಅಂದರು ಅತ್ತೆ. ನನಗೆ ಆಗ ಗಡಿಯಾರದ ಬಗ್ಗೆ ಏನೂ ಗೊತ್ತಿರಲಿಲ್ಲ. ಮನೆಗೆ ತಂದು ಮೇಜಿನ ಮೇಲಿಟ್ಟು ಎರಡು ವಾರ ಸುಮ್ನೆ ನೋಡಿದೆ.

ಕಾರಣ ಸಿಕ್ಕಿದ್ದು ಅಡುಗೆಮನೆಯಲ್ಲಿ. ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿಯಲ್ಲಿ ಎಣ್ಣೆ ಬೆಣ್ಣೆಯ ಹಾಗೆ ಗಟ್ಟಿಯಾಗಿತ್ತು. ಅತ್ತೆಗೆ ಫೋನ್ ಮಾಡಿ ಕೇಳಿದೆ. ಹೌದಂತೆ, ಪ್ರತಿ ದೀಪಾವಳಿಗೂ ಮಾವ ಗಡಿಯಾರ ಒರೆಸಿ, ಕೋಳಿಗರಿಯಲ್ಲಿ ತೆಂಗಿನೆಣ್ಣೆ ಹಚ್ಚುತ್ತಿದ್ದರಂತೆ. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಡಿಸೆಂಬರ್ ಬೆಳಿಗ್ಗೆ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ ಅಲ್ವಾ? ಪ್ರೀತಿಯಿಂದ ಹಾಕಿದ ಎಣ್ಣೆಯೇ ಚಕ್ರಗಳನ್ನು ಹಿಡಿದು ನಿಲ್ಲಿಸುತ್ತಿತ್ತು. ವರ್ಷಗಟ್ಟಲೆ ಕೂತ ಎಣ್ಣೆ ಹಿತ್ತಾಳೆಯ ಜೊತೆ ಸೇರಿ ಹಸಿರು ಅಂಟೂ ಆಗಿತ್ತು. ಆವತ್ತಿನಿಂದ ನನಗೆ ಈ ಹುಚ್ಚು ಹಿಡಿಯಿತು. ಈಗ ಮನೆಯಲ್ಲಿ 11 ಗಡಿಯಾರಗಳಿವೆ.

ಬಿಚ್ಚುವುದನ್ನು ಕಲಿಸಿದ್ದು ಶಿವಮೊಗ್ಗದ ಗಾಂಧಿ ಬಜಾರ್ ಕಡೆಯ ಒಬ್ಬ ಹಿರಿಯ ವಾಚ್ ರಿಪೇರಿಯವರು. ಅವರು ಹೇಳಿದ ಮೊದಲ ಮಾತು: ಸ್ಕ್ರೂ ಮುಟ್ಟುವ ಮೊದಲು ಸ್ಪ್ರಿಂಗ್ ಇಳಿಸಬೇಕು. ಒಮ್ಮೆ ಕೀ ಕೊಟ್ಟರೆ ಎಂಟು ದಿನ ಓಡುವ ಗಡಿಯಾರದ ಸ್ಪ್ರಿಂಗ್ ಎಂದರೆ ಮೀಟರುಗಟ್ಟಲೆ ಉಕ್ಕಿನ ಪಟ್ಟಿ, ಸುತ್ತಿ ಬಿಗಿದಿರುತ್ತದೆ. ಅದನ್ನು ಹಿಂದೆ ತಿರುಗದಂತೆ ತಡೆದು ಹಿಡಿದಿರುವುದು ಕ್ಲಿಕ್ ಎನ್ನುವ ಒಂದು ಸಣ್ಣ ನಾಲಿಗೆ. ಕೀಯನ್ನು ಗಟ್ಟಿಯಾಗಿ ಹಿಡಿದು, ಕ್ಲಿಕ್ ಎತ್ತಿ, ಅಂಗೈಯಲ್ಲಿ ಸ್ವಲ್ಪ ಸ್ವಲ್ಪವೇ ಜಾರಲು ಬಿಡಬೇಕು. ಎರಡನೇ ಗಡಿಯಾರದಲ್ಲಿ ನಾನು ಅವಸರ ಮಾಡಿದೆ. ಕೀ ತಿರುಗಿ ಹೆಬ್ಬೆರಳಿನ ಬುಡ ಸೀಳಿತು, ಮೂರು ಹೊಲಿಗೆ ಬಿತ್ತು, ಒಂದು ಚಕ್ರದ ಎರಡು ಹಲ್ಲೂ ಮುರಿದವು. ಹೊಸದಾಗಿ ಕಲಿಯುವವರು ಬೇರೆ ಯಾವ ತಪ್ಪು ಮಾಡಿದರೂ ತಿದ್ದಿಕೊಳ್ಳಬಹುದು. ಇದೊಂದನ್ನು ಮಾತ್ರ ದಯವಿಟ್ಟು ಮಾಡಬೇಡಿ.

ಅತ್ತೆಯ ಗಡಿಯಾರದ ಹಿಂದಿನ ಹಿತ್ತಾಳೆ ತಗಡಿನ ಮೇಲೆ ಎಂಟು ಮೂಲೆಯ ನಕ್ಷತ್ರ, ನಡುವೆ ಜೆ ಅಕ್ಷರ. ಅಂದರೆ ಯುಂಗ್‌ಹಾನ್ಸ್. ಜರ್ಮನಿಯ ಶ್ರಾಂಬರ್ಗ್ ಊರಿನಲ್ಲಿ 1861ರಲ್ಲಿ ಶುರುವಾದ ಕಂಪನಿ. ನಕ್ಷತ್ರದ ಕೆಳಗೆ ಸಣ್ಣದಾಗಿ 'ಬಿ 12' ಎಂದು ಒತ್ತಿತ್ತು. ವರ್ಷದ ಮೊದಲ ಅರ್ಧಕ್ಕೆ ಎ, ಎರಡನೇ ಅರ್ಧಕ್ಕೆ ಬಿ. ಅಂದರೆ ಇದು 1912ರ ಕೊನೆಯ ಆರು ತಿಂಗಳಲ್ಲಿ ತಯಾರಾದದ್ದು. ತಗಡಿನ ಒಳಮೈಯಲ್ಲಿ ಯಾರೋ ಸೂಜಿಯಿಂದ ಕನ್ನಡ ಅಂಕಿಗಳಲ್ಲಿ ಗೀರಿದ್ದರು: ೧೪-೧೦-೬೧. ಹಿಂದಿನ ರಿಪೇರಿಯವರ ಗುರುತು. ನೂರು ವರ್ಷದ ಯಂತ್ರದೊಳಗೆ ನಮ್ಮ ಅಂಕಿ ಕಂಡಾಗ ಮೈ ಜುಮ್ಮೆಂದಿತು. ಅಂಥ ಗೀರನ್ನು ಪಾಲಿಶ್ ಮಾಡಿ ಅಳಿಸುವವರೂ ಇದ್ದಾರೆ. ನನ್ನ ಮಟ್ಟಿಗೆ ಅದು ದೊಡ್ಡ ತಪ್ಪು.

ತೊಳೆಯುವ ವಿಷಯದಲ್ಲೂ ಒಂದು ಮಾತು. ಮನೆಯ ಹಿತ್ತಾಳೆ ಪಾತ್ರೆ ಹುಣಸೆಹಣ್ಣಿನಲ್ಲಿ ಫಳಫಳ ಹೊಳೆಯುತ್ತದೆ ಎಂದು ನಾನು ಒಂದು ಗಡಿಯಾರದ ಚಕ್ರಗಳನ್ನೂ ಹುಣಸೆ ನೀರಿನಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಚಕ್ರಗಳು ತಾಮ್ರದ ಹಾಗೆ ಕೆಂಪಗಾಗಿದ್ದವು. ಹುಳಿ ಹಿತ್ತಾಳೆಯೊಳಗಿನ ಸತುವನ್ನು ತಿಂದು ತಾಮ್ರವನ್ನು ಉಳಿಸುತ್ತದೆ. ಈಗ ಸೀಮೆಎಣ್ಣೆ, ಮೆತ್ತನೆ ಬ್ರಷ್, ತೂತುಗಳಿಗೆ ಚೂಪು ಮಾಡಿದ ಬಿದಿರು ಕಡ್ಡಿ, ಅಷ್ಟೇ. ಕಡ್ಡಿಯ ತುದಿ ಕಪ್ಪಾಗದೆ ಹೊರಬರುವವರೆಗೆ ತಿರುಗಿಸುತ್ತೇನೆ. ಆಮೇಲೆ ಗಡಿಯಾರದ ಎಣ್ಣೆ, ಸೂಜಿ ಮೊನೆಯಷ್ಟು, ಅಚ್ಚಿನ ತುದಿ ಕೂರುವ ತೂತಿಗೆ ಮಾತ್ರ. ಚಕ್ರದ ಹಲ್ಲಿಗೆ ಎಣ್ಣೆ ಬೇಡ. ಅಲ್ಲಿ ಅದು ಧೂಳು ಹಿಡಿದು ಅರದ ಹಾಗೆ ಉಜ್ಜುತ್ತದೆ.

ನಿಜವಾದ ಕೆಲಸ ಇರುವುದು ಆ ತೂತುಗಳಲ್ಲೇ. ನೂರು ವರ್ಷ ತಿರುಗಿ ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಚಕ್ರ ಓರೆಯಾಗಿ ಪಕ್ಕದ ಚಕ್ರಕ್ಕೆ ಸರಿಯಾಗಿ ಕೂಡುವುದಿಲ್ಲ. ಹಿಂದಿನವರು ತೂತಿನ ಸುತ್ತ ಪಂಚ್ ಹೊಡೆದು ಹಿತ್ತಾಳೆಯನ್ನು ಒಳಕ್ಕೆ ಒತ್ತುತ್ತಿದ್ದರು. ಅದು ಜಾಸ್ತಿ ದಿನ ಬಾಳುವುದಿಲ್ಲ. ನಾನು ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಸಣ್ಣ ಬುಷ್, ಅಂದರೆ ನಡುವೆ ತೂತಿರುವ ಬಳೆ, ಕಡೆಸಿ ತರುತ್ತೇನೆ. ಸವೆದ ತೂತನ್ನು ಮೊದಲಿನ ಕೇಂದ್ರಕ್ಕೇ ದೊಡ್ಡದು ಮಾಡಿ ಬುಷ್ ಕೂರಿಸುತ್ತೇನೆ. ಕೇಂದ್ರ ಕೂದಲೆಳೆಯಷ್ಟು ತಪ್ಪಿದರೂ ಚಕ್ರ ಹಿಡಿಯುತ್ತದೆ. ಅತ್ತೆಯ ಗಡಿಯಾರಕ್ಕೆ ನಾಲ್ಕು ಬುಷ್ ಬೇಕಾದವು. ರಜಾದಿನಗಳಲ್ಲಿ ಮಾತ್ರ ಕೂತು ಮುಗಿಸಲು ಎರಡು ತಿಂಗಳಾಯಿತು.

ಪೆಟ್ಟಿಗೆಯ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಮೇಲಿನ ಕಿರೀಟದ ಒಂದು ತುಂಡು ಹೋಗಿತ್ತು. ಸಾಗರದಲ್ಲಿ ಗುಡಿಗಾರರಿದ್ದಾರೆ, ಗಂಧದ ಕೆತ್ತನೆಯ ಕೈ. ಉಳಿದರ್ಧವನ್ನು ನೋಡಿಕೊಂಡು ಎರಡೇ ದಿನದಲ್ಲಿ ಜೋಡಿ ತುಂಡು ಕೆತ್ತಿ ಕೊಟ್ಟರು. ಬಣ್ಣ ಒಂದಿಷ್ಟು ಬೇರೆ ಕಾಣುತ್ತದೆ, ನಾನು ಮುಚ್ಚಲು ಹೋಗಲಿಲ್ಲ.

ಕೊಳ್ಳುವಾಗ ಎಚ್ಚರ ಬೇಕು. ಹಳೇ ಯಂತ್ರವನ್ನು ಹೊಸ ಪೆಟ್ಟಿಗೆಯಲ್ಲಿ ಕೂರಿಸಿ, ಡಯಲ್ ಪ್ರಿಂಟ್ ಹಾಕಿಸಿ ಆ್ಯಂಟಿಕ್ ಎಂದು ಮಾರುವುದು ತುಂಬಾ ನಡೆಯುತ್ತದೆ. ನಾನು ಮೊದಲು ಬಾಗಿಲು ತೆಗೆದು ಹಿಂದಿನ ಹಲಗೆ ನೋಡುತ್ತೇನೆ. ಯಂತ್ರಕ್ಕೆ ಸಂಬಂಧವಿಲ್ಲದ ಸ್ಕ್ರೂ ತೂತುಗಳಿದ್ದರೆ ಅನುಮಾನ ಪಡಬೇಕು. ಬಿಡಿಭಾಗದ ಕಷ್ಟವೂ ಇದೆ. ಅಮೆರಿಕದ ಅನ್ಸೋನಿಯಾ ಕಂಪನಿ 1929ರಲ್ಲೇ ತನ್ನ ಯಂತ್ರಗಳನ್ನು ಸೋವಿಯತ್ ರಷ್ಯಾಕ್ಕೆ ಮಾರಿಬಿಟ್ಟಿತು. ಅದರ ಗಡಿಯಾರಕ್ಕೆ ಚಕ್ರ ಬೇಕೆಂದರೆ ಇನ್ನೊಂದು ಸತ್ತ ಅನ್ಸೋನಿಯಾದಿಂದಲೇ ತೆಗೆಯಬೇಕು. ಹಾಗಾಗಿ ಗುಜರಿಯಲ್ಲಿ ಮುರಿದ ಯಂತ್ರ ಸಿಕ್ಕರೂ ನಾನು ಬಿಡುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಉಳಿಯುವುದು ಕಿವಿಯ ಕೆಲಸ. ಟಿಕ್, ಟಾಕ್, ಟಿಕ್, ಟಾಕ್ ಎಂದು ನಡುವಿನ ಬಿಡುವು ಒಂದೇ ಸಮ ಇರಬೇಕು. ಟಿಕ್‌ಟಾಕ್ ಎಂದು ಕುಂಟಿದರೆ ಎರಡು ದಿನದಲ್ಲಿ ನಿಲ್ಲುವುದು ಖಂಡಿತ. ಸುಣ್ಣ ಬಣ್ಣ ಹೊಡೆದ ಮೇಲೆ ಗಡಿಯಾರ ಕೆಟ್ಟಿತು ಎನ್ನುವ ಮನೆಗಳಲ್ಲಿ ಎಷ್ಟೋ ಸಲ ಕೆಟ್ಟಿರುವುದು ಏನೂ ಇಲ್ಲ, ವಾಪಸ್ ನೇತುಹಾಕುವಾಗ ಓರೆಯಾಗಿರುತ್ತದೆ, ಅಷ್ಟೇ. ಸಮ ಬಡಿಯುವುದು ಸಿಕ್ಕ ಮೇಲೆ ವೇಗ. ಕಾಲು ಮೀಟರ್ ಉದ್ದದ ಪೆಂಡ್ಯುಲಂ 1 ಮಿಲಿಮೀಟರ್ ಇಳಿದರೆ ದಿನಕ್ಕೆ ಸುಮಾರು 3 ನಿಮಿಷ ಹಿಂದೆ ಬೀಳುತ್ತದೆ. ಕೆಳಗಿನ ನಟ್ಟನ್ನು ಅರ್ಧ ಸುತ್ತು ತಿರುಗಿಸಿ, ಒಂದು ಇಡೀ ದಿನ ಕಾಯಬೇಕು.

ಅತ್ತೆ ಮನೆಗೆ ಗಡಿಯಾರ ವಾಪಸ್ ಒಯ್ದಾಗ ಹಳೇ ಮಣ್ಣಿನ ಗೋಡೆ ವಾಲಿತ್ತು. ಕಣ್ಣಿಗೆ ನೆಟ್ಟಗೆ ಕಾಣುವಂತೆ ಹಾಕಿದರೆ ಕುಂಟುತ್ತಿತ್ತು. ಸದ್ದು ಸಮವಾದ ಕಡೆ ನಿಲ್ಲಿಸಿದೆ. "ಸೊಟ್ಟ ಕಾಣ್ತದಲ್ಲೋ" ಅಂದರು ಅತ್ತೆ. ಕಣ್ಣು ಮುಚ್ಚಿ ಕೇಳಿ ಎಂದೆ. ಕೇಳಿದರು, ಏನೂ ಹೇಳದೆ ತಲೆಯಾಡಿಸಿದರು.

ಈಗ ಧೂಳು ಹೊಡೆದು ವಾಪಸ್ ಹಾಕಿದಾಗಲೆಲ್ಲ ಅತ್ತೆ ಫೋನ್ ಮಾಡುತ್ತಾರೆ. ಮಾತಿಲ್ಲದೆ ಫೋನನ್ನು ಗಡಿಯಾರದ ಹತ್ತಿರ ಹಿಡಿಯುತ್ತಾರೆ. ನಾನು ಇಲ್ಲಿ ಕೂತು ಕೇಳುತ್ತೇನೆ. "ಸ್ವಲ್ಪ ಎಡಕ್ಕೆ, ಅತ್ತೆ. ಇನ್ನೊಂಚೂರು. ಹಾಂ, ಈಗ ಬಿಡಿ."