ಅಪ್ಪನ ಬದುಕು ಬರೆಯುವ ಮೊದಲು ಮೇಜಿನ ಕೆಳಗೆ ನೋಡಿ

ಅಪ್ಪ ಸೈನ್ಯದಲ್ಲಿದ್ದವರು, ಮರಗೆಲಸವನ್ನೂ ಮಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅವರ ಬಗ್ಗೆ ನಾಲ್ಕು ಪುಟ ಬರೆಯಲು ಕೂತೆ. ಮೊದಲ ಸಾಲೇ "ಶ್ರಮಜೀವಿ, ಸಂಸಾರವೇ ಅವರ ಪ್ರಪಂಚ" ಅಂತ ಬಂತು. ಯಾರಪ್ಪನಿಗೂ ಒಪ್ಪುವ ಸಾಲು ಅದು, ಅಲ್ವಾ? ಹರಿದು ಹಾಕಿದೆ. ನೀವೂ ಇಂಥ ಕೆಲಸಕ್ಕೆ ಕೂತಿದ್ದರೆ ಗುಣಗಳನ್ನು ಬದಿಗಿಡಿ, ಅವರು ಬಿಟ್ಟುಹೋದ ಸಾಮಾನು ಹಿಡಿದುಕೊಳ್ಳಿ.

ಸೈನ್ಯದ ಕಾಗದ ಮೊದಲು ನೋಡಿ ಮುಗಿಸಿ. ಸೇರಿದ ದಿನ, ಬಿಟ್ಟ ದಿನ ಸಾಮಾನ್ಯವಾಗಿ ಡಿಸ್ಚಾರ್ಜ್ ಪತ್ರದಲ್ಲೇ ಸಿಗುತ್ತವೆ. ಪದಕಗಳಿದ್ದರೆ ಅಂಚು ತಿರುಗಿಸಿ ನೋಡಿ. ಕೆಲವು ಸೇನೆಗಳು ಅಲ್ಲಿ ಸೈನಿಕರ ನಂಬರು, ಹೆಸರು ಹಾಕಿರುತ್ತವೆ. ಹೊಳೆಯಲಿ ಅಂತ ತಿಕ್ಕಬೇಡಿ, ಅಕ್ಷರ ಸವೆಯುತ್ತವೆ.

ಯುದ್ಧದ ಬಗ್ಗೆ ಅಪ್ಪ ಮಾತಾಡಿದ್ದು ಕಡಿಮೆ. ಕೇಳಿದರೆ ಒದ್ದೆ ಬೂಟಿನ ಕಥೆ ಹೇಳಿ ಎದ್ದು ಹೋಗುತ್ತಿದ್ದರು. ಉಳಿದದ್ದನ್ನು ಸಿನಿಮಾ ನೋಡಿ ತುಂಬಿಸಬೇಡಿ. ನಾನು ಬೂಟಿನ ಕಥೆ ಬರೆದೆ, ಎದ್ದು ಹೋಗಿದ್ದನ್ನೂ ಬರೆದೆ.

ಮರಗೆಲಸಕ್ಕೆ ಮಾತ್ರ ಜಾಸ್ತಿ ಸಮಯ ಕೊಡಿ. ಅವರು ಮಾಡಿದ ಮೇಜು, ಪೆಟ್ಟಿಗೆ, ಕುರ್ಚಿ ಎಲ್ಲವನ್ನೂ ತಲೆಕೆಳಗು ಮಾಡಿ ನೋಡಿ. ಬಡಗಿಗಳು ಲೆಕ್ಕ ಬರೆಯುವುದು ಕಣ್ಣಿಗೆ ಬೀಳದ ಕಡೆ. ಮೊಬೈಲ್ ಟಾರ್ಚನ್ನು ನೇರಕ್ಕೆ ಹಿಡಿಯದೆ ಹಲಗೆಯ ಮೇಲೆ ಓರೆಯಾಗಿ ಬಿಡಿ. ಪೆನ್ಸಿಲ್ ಒತ್ತಿದ ಗುರುತು ಇದ್ದರೆ ನೆರಳಾಗಿ ಏಳುತ್ತದೆ, ಆಗ ಫೋಟೋ ತೆಗೆಯಿರಿ. ನನ್ನ ಓದುವ ಮೇಜಿನ ಅಡಿಯಲ್ಲಿ "ಪುಟ್ಟಿ, 24" ಅಂತಿತ್ತು. ನನ್ನನ್ನು ಕೂರಿಸಿ ಮೊಣಕೈ ಎತ್ತರವನ್ನು ಇಂಚಿನಲ್ಲಿ ಅಳೆದಿದ್ದರು. ಕಾಲುಗಳ ತುದಿಗೆ ಬೇರೆ ಬಣ್ಣದ ತುಂಡುಗಳಿವೆ. ನಾನು ಬೆಳೆದ ಹಾಗೆ ಮೇಜನ್ನೂ ಬೆಳೆಸಿದ್ದರು! ಸಂಸಾರದ ಮೇಲಿನ ಪ್ರೀತಿ ಅಂತ ನಾನು ಬರೆದಿದ್ದು ಇಷ್ಟೇ.

ಸಲಕರಣೆಗಳ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಹಲಗೆ ನುಣುಪು ಮಾಡುವ ಉಜ್ಜುಗೊರಡಿನ ಹಿಡಿ ಕೊಳೆಯಾಗಿದೆ ಅಂತ ಸ್ಯಾಂಡ್ ಪೇಪರ್ ಹಾಕಿ ಚೆನ್ನಾಗಿ ಉಜ್ಜಿದೆ. ಮೂವತ್ತು ವರ್ಷ ಅವರ ಹೆಬ್ಬೆರಳು ಕೂತು ಆದ ತಗ್ಗು ಅರ್ಧ ಗಂಟೆಯಲ್ಲಿ ಹೋಯಿತು. ಒಣ ಬಟ್ಟೆಯಿಂದ ಒರೆಸಿ, ಉಳಿಯ ಕಬ್ಬಿಣಕ್ಕೆ ತೆಳ್ಳಗೆ ಎಣ್ಣೆ ಸವರಿದರೆ ಸಾಕು. ಅಗಸೆ ಎಣ್ಣೆ ಬಳಸಿದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.

ಫೋಟೋಗಳ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಹಗುರಾಗಿ ಬರೆಯಿರಿ.

ಮನೆಯವರನ್ನು ಕೇಳುವಾಗ "ಅವರು ಹೇಗಿದ್ದರು" ಅನ್ನಬೇಡಿ. ಒಳ್ಳೆಯವರು ಅಂತಾರೆ, ಮುಗೀತು. "ಕೆಲಸ ಮುಗಿಸಿ ಬಂದು ಮೊದಲು ಏನು ಮಾಡುತ್ತಿದ್ದರು?" ಅಂತ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಸುಮ್ನೆ ಕೂತಿರಿ. ಮಾತು ತಾಳೆಯಾಗದಿದ್ದರೆ ಗಾಬರಿ ಬೇಡ. ನಾನು ಹುಟ್ಟಿದ್ದಕ್ಕೇ ಸೈನ್ಯ ಬಿಟ್ಟರು ಅಂತ ಅಮ್ಮ. ಅವಧಿ ಮುಗಿದಿತ್ತು ಅಂತ ಚಿಕ್ಕಪ್ಪ. ಕಾಗದ ಚಿಕ್ಕಪ್ಪನ ಕಡೆಗಿದೆ. ನಾನು ಎರಡನ್ನೂ ಬರೆದೆ.

ಬರೆದಾದ ಮೇಲೆ ಮನೆಯಲ್ಲಿ ಗಟ್ಟಿಯಾಗಿ ಓದಿ. ನಾನು ಓದಿದಾಗ ಅಮ್ಮ ಒಂದು ಕಡೆ ತಡೆದರು. "ಸಿಟ್ಟೇ ಬರುತ್ತಿರಲಿಲ್ಲ ಅಂತ ಬರೆದಿದ್ದೀಯಲ್ಲ, ಉಳಿಯಲ್ಲಿ ಡಬ್ಬದ ಮುಚ್ಚಳ ತೆಗೆದರೆ ಮನೆ ಹಾರಿಹೋಗುವ ಹಾಗೆ ಕೂಗುತ್ತಿದ್ದರು. ಅದನ್ನೂ ಹಾಕು." ಹಾಕಿದೆ.