ಡಿಸಿಎಸ್ ವರ್ಲ್ಡ್ ಮರುಪ್ರದರ್ಶನದಲ್ಲಿ ಕಾಕ್‌ಪಿಟ್ ಕ್ಯಾಮೆರಾದ ಕೋನಗಳು

ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಆಟವಾದ ಡಿಸಿಎಸ್ ವರ್ಲ್ಡ್‌ನಲ್ಲಿ ಹಾರಾಟ ಮುಗಿದ ನಂತರ ಉಳಿಸಿಕೊಳ್ಳುವ ಟ್ರ್ಯಾಕ್ ಕಡತವು ವಿಡಿಯೊ ಅಲ್ಲ. ಅದು ನಿಮ್ಮ ನಿಯಂತ್ರಣದ ಚಲನೆಗಳನ್ನು ದಾಖಲಿಸಿಕೊಂಡು ಇಡೀ ಕಾದಾಟವನ್ನು ಮತ್ತೆ ಲೆಕ್ಕಹಾಕಿ ತೋರಿಸುವುದರಿಂದ, ಅದೇ ಹಾರಾಟವನ್ನು ಬೇರೆ ಕೋನದಿಂದ ನೋಡಲು ಸಾಧ್ಯವಾಗುತ್ತದೆ. ಆದರೆ ಹಿಂದಕ್ಕೆ ಓಡಿಸಲಾಗದು. ಹೀಗಾಗಿ ಬೇಕಾದ ಕ್ಷಣಕ್ಕೆ ಮೊದಲೇ ಎಡ ಆಲ್ಟ್ ಮತ್ತು ಝಡ್ ಒತ್ತಿ ವೇಗವನ್ನು ತಗ್ಗಿಸಿಕೊಳ್ಳಿ.

ಎಫ್1 ಒತ್ತಿದರೆ ಕಾಕ್‌ಪಿಟ್ ನೋಟ ಸಿಗುತ್ತದೆ. ಬಲ ಕಂಟ್ರೋಲ್ ಮತ್ತು ಬಲ ಶಿಫ್ಟ್ ಹಿಡಿದು ಸಂಖ್ಯಾಫಲಕದ 8, 2, 4, 6 ಕೀಲಿಗಳನ್ನು ಬಳಸಿದರೆ ಪೈಲಟ್‌ನ ತಲೆಯೇ ಮೇಲೆ, ಕೆಳಗೆ, ಅಕ್ಕಪಕ್ಕಕ್ಕೆ ಸರಿದಂತೆ ಕ್ಯಾಮೆರಾ ಚಲಿಸುತ್ತದೆ. ಭುಜದ ಮೇಲಿನಿಂದ ನೋಡಿದಂತಹ ಕೋನ ನನಗೆ ಅತ್ಯಂತ ಪ್ರಿಯವಾದದ್ದು, ಏಕೆಂದರೆ ತಿರುವಿನಲ್ಲಿ ಎದುರಾಳಿಯೂ ಉಪಕರಣ ಫಲಕವೂ ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ಆದರೆ ಕ್ಯಾಮೆರಾವನ್ನು ಹೆಚ್ಚು ಪಕ್ಕಕ್ಕೆ ಸರಿಸಿದರೆ ಆಧುನಿಕ ಜೆಟ್‌ಗಳ ಹಡ್ (ಪೈಲಟ್‌ನ ಕಣ್ಣೆದುರಿನ ಪಾರದರ್ಶಕ ಗಾಜಿನಲ್ಲಿ ಮಾಹಿತಿ ತೋರಿಸುವ ಸಾಧನ) ಚಿಹ್ನೆಗಳು ಗಾಜಿನ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ನಿಜವಾದ ವಿಮಾನದಲ್ಲಿಯೂ ಆ ಚಿಹ್ನೆಗಳು ಅನಂತ ದೂರದಲ್ಲಿರುವಂತೆ ಬಿಂಬಿಸಲ್ಪಡುವುದರಿಂದ ಇದು ದೋಷವಲ್ಲ.

ನೋಟದ ಅಗಲವನ್ನು ಹಿಗ್ಗಿಸಿದಷ್ಟೂ ವೇಗದ ಅನುಭವ ಹೆಚ್ಚುತ್ತದೆ, ದೂರದ ವಿಮಾನ ಮಾತ್ರ ಚುಕ್ಕೆಯಾಗಿಬಿಡುತ್ತದೆ. ಆದ್ದರಿಂದ ಗುಂಡು ಹಾರಿಸುವ ದೃಶ್ಯಕ್ಕೆ ಅಗಲವನ್ನು ಕುಗ್ಗಿಸುವುದೇ ಸೂಕ್ತ. ದೀರ್ಘ ಕಾದಾಟಗಳ ಟ್ರ್ಯಾಕ್ ಕೆಲವೊಮ್ಮೆ ಮೂಲ ಘಟನೆಯಿಂದ ಬೇರೆಯಾಗಿಬಿಡುವ ಕಾರಣ, ಚಿತ್ರೀಕರಣಕ್ಕೆ ಚಿಕ್ಕ ಹಾರಾಟಗಳನ್ನೇ ಆರಿಸಿಕೊಳ್ಳಿ.