ಮೈಗಿಂತ ಮನೆಯೇ ಬಿಸಿ ಇದ್ದಾಗ ಜ್ವರ ನೋಡುವುದು ಹೇಗೆ?

ಮೇ ತಿಂಗಳ ಮಟಮಟ ಮಧ್ಯಾಹ್ನ ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ತಗಡು ಹೊದಿಸಿದ ಪತ್ರಾಸ್ ಮನೆಯೊಳಗೂ ಅದೇ ಝಳ. ಆರೋಗ್ಯವಂತರ ಮೈಬಿಸಿ ಸುಮಾರು 37, ಅಂದರೆ 98.6 ಫ್ಯಾರನ್‌ಹೀಟ್. ಇಂಥ ಹೊತ್ತಿನಲ್ಲಿ ಕಪಾಟಿನಿಂದ ತೆಗೆದ ಥರ್ಮಾಮೀಟರನ್ನು ಹಾಗೇ ಬಾಯಿಗಿಟ್ಟರೆ ಇಲ್ಲದ ಜ್ವರ ಕಾಣಿಸುತ್ತದೆ.

ಪಾದರಸದ್ದರಲ್ಲಿ ಈ ತೊಂದರೆ ಹೆಚ್ಚು. ಅದರ ಬುರುಡೆಯ ಮೇಲೆ ನಳಿಗೆಯಲ್ಲಿ ಸಣ್ಣದೊಂದು ಇಕ್ಕಟ್ಟು ಇರುತ್ತದೆ. ಬಿಸಿಗೆ ಹಿಗ್ಗಿದ ಪಾದರಸ ಅದನ್ನು ದಾಟಿ ಮೇಲೇರುತ್ತದೆ, ತಣ್ಣಗಾದಾಗ ತಾನಾಗಿ ಇಳಿಯುವುದಿಲ್ಲ. ಕೋಣೆಯ ಬಿಸಿಗೆ ಮೊದಲೇ 104 ಫ್ಯಾರನ್‌ಹೀಟ್‌ಗೆ ಏರಿದ್ದರೆ, ಬಾಯಲ್ಲಿಟ್ಟ ಮೇಲೂ 104ರಲ್ಲೇ ನಿಲ್ಲುತ್ತದೆ. ಬರೀ ಜಾಡಿಸಿದರೂ ಆಗದು. ಗಾಳಿಯ ಬಿಸಿಗೆ ಮತ್ತೆ ಏರುತ್ತದೆ.

ಮೊದಲು ಬುರುಡೆಯನ್ನು ಒಂದು ಲೋಟ ಗಡಿಗೆ ನೀರಿನಲ್ಲಿ ಒಂದು ನಿಮಿಷ ಅದ್ದಿಡಿ. 95ಕ್ಕಿಂತ ಕೆಳಗಿಳಿಯುವವರೆಗೆ ಜಾಡಿಸಿ, ಒರೆಸಿ, ತಡಮಾಡದೆ ನಾಲಿಗೆಯ ಕೆಳಗಿಡಿ. ಮೂರು ನಿಮಿಷ ಬಾಯಿ ಮುಚ್ಚಿರಬೇಕು. ಹೊರತೆಗೆದ ಕ್ಷಣವೇ ಓದಿ, ಇಲ್ಲವಾದರೆ ಕೋಣೆಯ ಬಿಸಿಯೂ ಲೆಕ್ಕಕ್ಕೆ ಸೇರುತ್ತದೆ. ಚಹಾ ಅಥವಾ ತಣ್ಣೀರು ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ನೋಡಿ. ಕಂಕುಳಲ್ಲಾದರೆ ಐದು ನಿಮಿಷ ಬೇಕು. ಅಳತೆ ಬಾಯಿಯದಕ್ಕಿಂತ ತುಸು ಕಡಿಮೆಯೇ ಬರುತ್ತದೆ.

ಡಿಜಿಟಲ್ ಥರ್ಮಾಮೀಟರಿನ ತುದಿಯಲ್ಲಿ ಥರ್ಮಿಸ್ಟರ್ ಎಂಬ ಚೂರು ಇದೆ. ಬಿಸಿ ಹೆಚ್ಚಿದಂತೆ ಅದರಲ್ಲಿ ವಿದ್ಯುತ್ತಿಗಿರುವ ತಡೆ ಕಡಿಮೆಯಾಗುತ್ತದೆ, ಆ ವ್ಯತ್ಯಾಸವೇ ಅಂಕಿಯಾಗುತ್ತದೆ. ಇದೂ ಏರಿದ ಗರಿಷ್ಠ ಅಂಕಿಯನ್ನೇ ಹಿಡಿದಿಡುವುದರಿಂದ ತುದಿಯನ್ನಷ್ಟೇ ನೀರಿನಲ್ಲಿ ತಣಿಸಿ, ಒರೆಸಿ, ಆಮೇಲೆ ಗುಂಡಿ ಒತ್ತಿ. ಅಂಕಿ ಏರುವುದು ನಿಧಾನವಾದಾಗ ಬೀಪ್ ಕೂಗುತ್ತದೆ. ಕಂಕುಳಲ್ಲಿ ಇದು ಬೇಗ ಕೂಗಿಬಿಡುವುದರಿಂದ ಇನ್ನೆರಡು ನಿಮಿಷ ಬಿಡುವುದು ಒಳ್ಳೆಯದು. ಸೆಲ್ ಸೋತರೆ ಅಂಕಿಗಳು ಮಸುಕಾಗುತ್ತವೆ. ಮನೆಗೆ ಇದೇ ಸಾಕು.

ಹಣೆಗೆ ಹಿಡಿಯುವ ಗನ್ ಚರ್ಮದಿಂದ ಹೊಮ್ಮುವ ಇನ್ಫ್ರಾರೆಡ್ ಕಿರಣವನ್ನು ಅಳೆಯುತ್ತದೆ. ಮುಟ್ಟಬೇಕಿಲ್ಲ, ಒಂದೇ ಸೆಕೆಂಡು. ಆದರೆ ಬೇಸಿಗೆಯಲ್ಲಿ ನಂಬಲು ಕಷ್ಟ. ಬೆವರು ಆರುವಾಗ ಹಣೆ ತಂಪಾಗಿ ಜ್ವರವೇ ಮರೆಯಾಗಬಹುದು, ಬಿಸಿಲಲ್ಲಿ ನಡೆದು ಬಂದವರಿಗೆ ಇಲ್ಲದ ಜ್ವರ ಬರಬಹುದು. ಬಹುತೇಕ ಗನ್‌ಗಳು ಸುತ್ತಲಿನ ಗಾಳಿ 40 ಡಿಗ್ರಿಯೊಳಗಿದ್ದರಷ್ಟೇ ಸರಿಯಾಗಿ ಕೆಲಸ ಮಾಡುತ್ತವೆ. ಕೂಲರ್ ಇರುವ ಕೋಣೆಯಲ್ಲಿ, ಅದರ ಗಾಳಿ ಮುಖಕ್ಕೆ ಬೀಸದ ಕಡೆ, ಗನ್ನೂ ರೋಗಿಯೂ ಅರ್ಧ ಗಂಟೆ ಇರಲಿ. ಹಣೆ ಒರೆಸಿ, ಮೂರರಿಂದ ಐದು ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಗುಂಡಿ ವಸ್ತುಗಳ ಅಳತೆಗೆ ತಿರುಗಿದ್ದರೆ ಅಂಕಿ ತಪ್ಪುತ್ತದೆ, ಅದನ್ನೂ ನೋಡಿಕೊಳ್ಳಿ.

ಪಾದರಸದ್ದನ್ನು ಸ್ಕೂಟರ್ ಡಿಕ್ಕಿಯಲ್ಲೋ ಪತ್ರಾಸಿನ ಕೆಳಗಿನ ಹಲಗೆಯಲ್ಲೋ ಇಡಬೇಡಿ. ಅದರ ಅಳತೆ ಮುಗಿಯುವುದೇ 42 ಡಿಗ್ರಿ ಸೆಲ್ಸಿಯಸ್‌ಗೆ, ಅದರಾಚೆ ಬಿಸಿ ಏರಿದರೆ ಗಾಜು ಒಡೆಯಬಹುದು. ಒಡೆದರೆ ಪೊರಕೆ ಹಿಡಿಯಬೇಡಿ, ಹನಿಗಳು ಚೂರಾಗಿ ಶಹಾಬಾದ್ ಕಲ್ಲಿನ ಸಂದುಗಳಿಗೆ ಸೇರುತ್ತವೆ. ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿ ತೆರೆಯಿರಿ. ಪಾದರಸ ಬಂಗಾರಕ್ಕೆ ಹತ್ತುತ್ತದೆ, ಉಂಗುರ ತೆಗೆದಿಡಿ. ಕೈಗವಸು ಹಾಕಿ ಎರಡು ದಪ್ಪ ರಟ್ಟಿನಿಂದ ಹನಿಗಳನ್ನು ಒಟ್ಟುಮಾಡಿ, ನೀರಿರುವ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಅದನ್ನು ಬಚ್ಚಲಿಗೆ ಸುರಿಯಬಾರದು.